ಕೈಮಾತಿಗೊಂದು ಚಿಕ್ಕ ಲ್ಯಾಪ್‌ಟಾಪ್

ಆಕೆ ಅಂಗಡಿಗೆ ಬಂದಾಗ ನಾನು ಪ್ರಿಂಟರಿನ ಹೊಟ್ಟೆಯೊಳಗೆ ಸಿಕ್ಕಿಬಿದ್ದ ಕಾಗದ ಕೀಳುತ್ತಿದ್ದೆ. ಕೈಯೆಲ್ಲ ಮಸಿ. ತಲೆ ಎತ್ತಿದರೆ ಕೌಂಟರಿನ ಆಚೆ ಹೆಂಗಸೊಬ್ಬಳು ನಿಂತಿದ್ದಳು. ಬಟ್ಟೆ ಅಳೆಯುವ ಟೇಪು ಇನ್ನೂ ಕೊರಳಲ್ಲೇ ಇತ್ತು, ತೆಗೆಯುವುದನ್ನೇ ಮರೆತು ಬಸ್ಸು ಹತ್ತಿದ್ದಳೇನೋ. ಗಾಜಿನೊಳಗೆ ಸಾಲಾಗಿಟ್ಟಿದ್ದ ಲ್ಯಾಪ್‌ಟಾಪ್‌ಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಬೆರಳಿನಿಂದ ತೋರಿಸಿ, ತನ್ನ ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ಅದರಲ್ಲಿ ಟೈಪ್ ಮಾಡಿತ್ತು: "ಇದು ಮನೆಗೆ ಸಾಕಾ?"

ಚಿತ್ರದುರ್ಗದಲ್ಲಿ, ಚಂದ್ರವಳ್ಳಿ ಕಡೆ ಹೋಗುವ ರಸ್ತೆಯಲ್ಲಿರುವ ನನ್ನ ಅಂಗಡಿಗೆ ಬಂದವರೆಲ್ಲ ಕೇಳುವ ಪ್ರಶ್ನೆ ಅದು. ನನ್ನ ಉತ್ತರವೂ ಬಾಯಿಪಾಠ. ಒಂದು ಅರ್ಜಿ ಟೈಪ್ ಮಾಡೋಕೆ, ಮಕ್ಕಳ ಪಾಠಕ್ಕೆ, ಪುರುಸೊತ್ತಿದ್ದಾಗ ಒಂದು ಸಿನಿಮಾ ನೋಡೋಕೆ ಧಾರಾಳ ಸಾಕು, ಅದಕ್ಕಿಂತ ಹೆಚ್ಚಿಗೆ ಅದರಿಂದ ಕೇಳಬೇಡಿ.

"ಏನು ಕೆಲಸಕ್ಕೆ ಬೇಕಿತ್ತಮ್ಮ?" ಅಂದೆ.

ಆಕೆ ತನ್ನ ಕಿವಿ ಮುಟ್ಟಿ, ಕೇಳಿಸದು ಎಂದು ಕೈಯಾಡಿಸಿದಳು. ಫೋನನ್ನು ನನ್ನ ಕಡೆ ಸರಿಸಿದಳು. ನಾನು ಮಸಿಗೈ ಒರೆಸಿಕೊಂಡು ಅದೇ ಪ್ರಶ್ನೆಯನ್ನು ಟೈಪ್ ಮಾಡಿದೆ. ಒಂದೇ ಪದದ ಉತ್ತರ ಬಂತು: "ಮಾತಾಡಕ್ಕೆ."

ಮಾತಾಡಲು ಫೋನು ಸಾಕಲ್ಲ ಎಂದು ನಾನು ಬರೆದೆ. ಆಕೆ ನಕ್ಕಳು. ಫೋನನ್ನು ಕೌಂಟರಿನ ಮೇಲಿಟ್ಟು ಎರಡೂ ಕೈಗಳನ್ನು ಎತ್ತಿ ಬೆರಳಾಡಿಸಿದಳು. ಆಮೇಲೆ ಫೋನನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಉಳಿದ ಒಂದೇ ಕೈಯನ್ನು ಆಡಿಸಿ, ಏನು ಮಾಡಲಿ ಹೇಳಿ ಎನ್ನುವಂತೆ ನನ್ನ ಮುಖ ನೋಡಿದಳು. ಎರಡೂ ಕೈ ಬಿಡುವಾಗಿ ಇರದಿದ್ದರೆ ಆಕೆಗೆ ಅರ್ಧ ಮಾತೇ ಬರುತ್ತದೆ ಎಂದು ನನಗೆ ಹೊಳೆದದ್ದು ಆಗ.

ಆವತ್ತು ಕೂತು ಆಕೆ ಟೈಪ್ ಮಾಡಿ ತಿಳಿಸಿದ್ದನ್ನೆಲ್ಲ ಸೇರಿಸಿ ಹೇಳುತ್ತೇನೆ. ಹಿರೇಗುಂಟನೂರಿನ ಕುರಿ ಸಾಕುವ ಮನೆಯಲ್ಲಿ ಹುಟ್ಟಿದ ಇಬ್ಬರು ಅಕ್ಕತಂಗಿಯರು. ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳಿಸದು. ಕುರಿಗಳ ಹಿಂದೆ ಓಡಾಡಿಕೊಂಡೇ ತಮ್ಮಿಬ್ಬರದೇ ಆದ ಒಂದು ಕೈಮಾತು ಕಟ್ಟಿಕೊಂಡವರು. ತಂಗಿಯಾದ ಈಕೆಯನ್ನು ಮಾತ್ರ ಹೊರಗಿನ ಊರಿನ, ಕಿವಿ ಕೇಳದ ಮಕ್ಕಳ ಶಾಲೆಗೆ ಹಾಕಿದ್ದರು. ಆಕೆ ಓದು ಬರಹ ಕಲಿತಳು. ಈಗ ಹೊಳಲ್ಕೆರೆಯಲ್ಲಿ ಗಂಡನ ಮನೆ, ಮನೆಯಲ್ಲೇ ಹೊಲಿಗೆ ಕೆಲಸ. ಅಕ್ಕ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಹಿರಿಯೂರು ತಾಲೂಕಿನ ಹರಿಯಬ್ಬೆಗೆ ಮದುವೆಯಾಗಿ ಹೋದಳು. ಅಕ್ಷರ ಬಾರದ ಅಕ್ಕನಿಗೆ ಮೆಸೇಜು ಕಳಿಸಿ ಪ್ರಯೋಜನವಿಲ್ಲ. ಎದುರಾಬದುರು ಕೂತು ಕೈಯಾಡಿಸಿದರೇ ಮಾತು.

ಕೊನೆಗೆ ಆಕೆ ಬರೆದದ್ದು ಹೀಗಿತ್ತು: "ಅಕ್ಕ ಮೊದಲಿನಂಗಿಲ್ಲ. ಹಬ್ಬಕ್ಕೆ ಹೋದರೆ ಮೂಲೇಲಿ ಕುಂತಿದ್ಲು. ನಾನು ಹೇಳಿದ್ದಕ್ಕೆ ಉತ್ತರಾನೇ ಕೊಡಲಿಲ್ಲ. ಫೋನಿಗೆ ಕರೆದ್ರೆ ಬರಲ್ಲ ಅಂತಾಳಂತೆ. ಏನಾಗೈತೆ ಅಂತ ತಿಳೀಬೇಕು. ದಿನಾ ಮಾತಾಡ್ಬೇಕು."

ಸ್ವಲ್ಪ ಹೆಚ್ಚಿನದನ್ನು, ದೊಡ್ಡ ಪರದೆಯದನ್ನು ತೆಗೆದುಕೊಳ್ಳಿ ಎಂದು ನಾನು ಸಲಹೆ ಕೊಟ್ಟೆ. ಆಕೆ ತಲೆ ಅಲ್ಲಾಡಿಸಿ ಬರೆದಳು: "ಒಂದು ಒಳ್ಳೇದು ತಗಂಡ್ರೆ ಯಾರ ಜೊತೆ ಮಾತಾಡ್ಲಿ? ಎರಡು ಬೇಕು."

ನನ್ನ ಬಾಯಿಪಾಠದ ಉತ್ತರದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಗೊತ್ತಿಲ್ಲ, ಪರೀಕ್ಷೆ ಮಾಡಿ ಹೇಳುತ್ತೇನೆ ಎಂದು ಬರೆದು ಕಳಿಸಿದೆ.

ಆ ಲ್ಯಾಪ್‌ಟಾಪಿನ ಯೋಗ್ಯತೆ ನನಗೆ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ಇಂಚಿನ ಪರದೆ, ನಾಲ್ಕು ಜಿಬಿ ರ‍್ಯಾಮ್, ಬೋರ್ಡಿಗೇ ಬೆಸೆದ ಸಣ್ಣ ಸ್ಟೋರೇಜು, ಫ್ಯಾನೇ ಇಲ್ಲದ ನಿಧಾನದ ಪ್ರೊಸೆಸರ್. ಬ್ಯಾಟರಿ ಮಾತ್ರ ಹೊತ್ತು ಮುಳುಗುವವರೆಗೆ ಬರುತ್ತದೆ. ಹಳ್ಳಿಯ ಕರೆಂಟಿಗೆ ಅದು ದೊಡ್ಡ ಗುಣ. ಸಾಮಾನ್ಯವಾಗಿ ನಾನು ಮೊದಲು ನೋಡುವುದು ಸ್ಪೀಕರು, ಆಮೇಲೆ ಮೈಕು. ಈ ಸಲ ಆ ಎರಡನ್ನೂ ಮರೆಯಬೇಕಾಗಿತ್ತು. ನೋಡಬೇಕಾದದ್ದು ಒಂದೇ: ಓಡುವ ಬೆರಳು ಓಡುವ ಬೆರಳಾಗಿಯೇ ಆ ಕಡೆ ತಲುಪುತ್ತದೆಯೇ?

ಒಂದನ್ನು ಕೌಂಟರಿನ ಮೇಲೆ, ಇನ್ನೊಂದನ್ನು ಹಿಂದಿನ ಕೋಣೆಯಲ್ಲಿ ಇಟ್ಟು ವಿಡಿಯೋ ಕರೆ ಹಚ್ಚಿದೆ. ಕ್ಯಾಮೆರಾ ಮುಂದೆ ಬೆರಳಾಡಿಸಿ ರೆಕಾರ್ಡ್ ಮಾಡಿ ನೋಡಿದೆ. ನಿಂತ ಕೈ ಕೈಯಾಗಿ ಕಾಣುತ್ತಿತ್ತು. ಅಲ್ಲಾಡಿದ ತಕ್ಷಣ ಐದು ಬೆರಳೂ ಕಲಸಿ ಹಿಟ್ಟಿನ ಮುದ್ದೆ. ಮಾತಾಡುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ, ಮುಖ ಕಂಡರೆ ಸಾಕು, ದನಿ ಕೆಲಸ ಮುಗಿಸುತ್ತದೆ. ಕೈಯಿಂದ ಮಾತಾಡುವವರಿಗೆ ಇದು ನಾಲಿಗೆ ತೊದಲಿದ ಹಾಗೆ.

ಕಾರಣ ಹುಡುಕುತ್ತಾ ಹೋದೆ. ಬೆಳಕು ಕಮ್ಮಿಯಾದರೆ ಚಿತ್ರ ಕಪ್ಪಾಗದಿರಲಿ ಎಂದು ಈ ಅಗ್ಗದ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿಡುತ್ತದೆ. ಆಗ ಸೆಕೆಂಡಿಗೆ ಬರುವ ಚಿತ್ರಗಳು ಕಮ್ಮಿಯಾಗಿ, ಓಡುವುದೆಲ್ಲ ಕಲಸಿಹೋಗುತ್ತದೆ. ಸೆಟ್ಟಿಂಗ್ಸಿನಲ್ಲಿ ಆ ಅಭ್ಯಾಸವನ್ನು ಬಿಡಿಸಿ, ಕ್ಯಾಮೆರಾದ ಪಕ್ಕ ಒಂದು ಬಲ್ಬು ಇಟ್ಟೆ. ಮುದ್ದೆ ಬಿಡಿಸಿಕೊಂಡಿತು. ಆದರೂ ಆಗಾಗ ಕಿರುಬೆರಳೋ ಹೆಬ್ಬೆರಳೋ ಕತ್ತರಿಸಿದಂತೆ ಮಾಯವಾಗುತ್ತಿತ್ತು. ಬಹಳ ಹೊತ್ತು ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಹಿನ್ನೆಲೆಯನ್ನು ಮಸುಕು ಮಾಡುವ ಸೌಲಭ್ಯ ತಾನಾಗಿಯೇ ಚಾಲೂ ಆಗಿತ್ತು. ಮೈಯಿಂದ ದೂರ ಚಾಚಿದ ಕೈಯನ್ನು ಅದು ಗೋಡೆ ಎಂದು ತಿಳಿದು ಅಳಿಸಿಹಾಕುತ್ತಿತ್ತು. ಅದನ್ನು ತೆಗೆದೆ. ಎರಡೂ ಕಡೆ ಮೈಕು ಮುಚ್ಚಿದೆ, ದನಿಗೆ ಹೋಗುವ ಇಂಟರ್ನೆಟ್ಟೂ ಚಿತ್ರಕ್ಕೇ ಸಿಗಲಿ ಎಂದು. ಲ್ಯಾಪ್‌ಟಾಪ್ ಶುರುವಾಗುವಾಗ ತಾವೂ ಎದ್ದು ಕೂರುವ ಬೇಡದ ಪ್ರೋಗ್ರಾಮ್‌ಗಳನ್ನೆಲ್ಲ ಮಲಗಿಸಿದೆ. ಚಿತ್ರದ ಗುಣಮಟ್ಟವನ್ನು ಬೇಕೆಂದೇ ಒಂದು ಮೆಟ್ಟಿಲು ಇಳಿಸಿದೆ. ಸೀರೆಯ ಅಂಚು ಸ್ಪಷ್ಟವಾಗಿ ಕಾಣದಿದ್ದರೂ ನಡೆದೀತು, ಬೆರಳು ತಡವರಿಸಬಾರದು.

ತಂಗಿಯನ್ನು ಮತ್ತೆ ಕರೆಸಿದೆ. ಆಕೆ ಕೌಂಟರಿನ ಬಳಿ, ನಾನು ಒಳಕೋಣೆಯಲ್ಲಿ. ನನಗೆ ಕೈಮಾತಿನ ಒಂದು ಅಕ್ಷರವೂ ಬಾರದು. ಆಕೆ ನನಗಾಗಿ ಒಂದು ಕಥೆ ಹೇಳಲು ಶುರುಮಾಡಿದಳು. ಎರಡು ಬೆರಳು ಕಿವಿಯಾದವು, ಮಣಿಕಟ್ಟು ಪುಟುಪುಟು ಹಾರಿತು, ಪರದೆಯ ಮೇಲೆ ಒಂದು ಕುರಿಮರಿ ಬಂತು! ಆಕೆಯ ಇನ್ನೊಂದು ಕೈ ಮುಳ್ಳಿನ ಪೊದೆಯಾಗಿ ಕೆದರಿ ನಿಂತಿತು. ಮರಿ ಅದರೊಳಗೆ ನುಗ್ಗಿ ಸಿಕ್ಕಿಕೊಂಡಿತು. ಎತ್ತರದ ಹುಡುಗಿಯೊಬ್ಬಳು ಬಗ್ಗಿ ಕೈ ಹಾಕಿದಳು, ಗಿಡ್ಡ ಹುಡುಗಿಯೊಬ್ಬಳು ಅವಳ ಲಂಗ ಹಿಡಿದು ಎಳೆದಳು. ಮೂರೂ ಜೀವ ಹಿಂದಕ್ಕೆ ಬಿದ್ದವು. ನನಗೆ ನಗು ತಡೆಯಲಾಗಲಿಲ್ಲ. ಒಳಗಿನಿಂದ ಎದ್ದು ಓಡಿಬಂದು ಕೌಂಟರಿನಾಚೆ ಕೂತಿದ್ದ ಆಕೆಯನ್ನು ನೋಡಿದೆ. ಒಬ್ಬಳೇ ಕೂತಿದ್ದಳು, ಎರಡು ಕೈ ಮಡಿಲಲ್ಲಿ. ಇಷ್ಟು ಜನ, ಇಷ್ಟು ಮುಳ್ಳು ಎಲ್ಲಿ ಹೋದವು ಅನ್ನಿಸಿತು. ಇಷ್ಟು ವರ್ಷ ಎಷ್ಟೊಂದು ಪರದೆ ರಿಪೇರಿ ಮಾಡಿದ್ದೇನೆ. ಒಂದು ಪರದೆಯ ಮುಂದೆ ಹಾಗೆ ಬೆರಗಾಗಿ ನಿಂತದ್ದು ಅದೇ ಮೊದಲು.

ಹರಿಯಬ್ಬೆಯ ಮನೆಯಲ್ಲಿ ಇದು ನಡೆಯುತ್ತದೋ ಇಲ್ಲವೋ ನೋಡದೆ ಮಾರುವ ಮನಸ್ಸಾಗಲಿಲ್ಲ. ಒಂದನ್ನು ತಂಗಿ ಹೊಳಲ್ಕೆರೆಗೆ ಒಯ್ದಳು. ಹಿರಿಯೂರಿನ ಒಂದು ಕಚೇರಿಯಲ್ಲಿ ನನಗೆ ಕೆಲಸವಿತ್ತು. ಅದು ಮುಗಿಸಿ ಇನ್ನೊಂದನ್ನು ಬ್ಯಾಗಿನಲ್ಲಿಟ್ಟುಕೊಂಡು ಹರಿಯಬ್ಬೆಗೆ ಹೋದೆ.

ಅಕ್ಕನ ಗಂಡ ಕುರಿ ಹೊಡೆದುಕೊಂಡು ಆಂಧ್ರದ ಗಡಿ ಕಡೆ ಹೋಗಿದ್ದರು. ಮನೆಯಲ್ಲಿ ಅಕ್ಕ ಮತ್ತು ಆಕೆಯ ಅತ್ತೆ. ಆ ಅಜ್ಜಿ ನನ್ನನ್ನು ಬಾಗಿಲಲ್ಲೇ ಹಿಡಿದುಕೊಂಡಿತು.

"ಬರ್ರಿ ಮೇಡಮ್ಮ, ಕುಂತ್ಕಳ್ರಿ. ಇದೇನಾ ಡಬ್ಬಿ? ಇದ್ರಾಗೆ ಮೂಗರ ಮಾತೂ ಬರ್ತೈತಾ?"

"ಬರುತ್ತೋ ಇಲ್ವೋ ನೋಡೋಕೆ ಬಂದಿದೀನಿ ಅಜ್ಜಿ."

"ನೋಡ್ರಿ ನೋಡ್ರಿ. ಅವಳು ಮಾತ್ರ ಕುಂದ್ರೋದು ಅನುಮಾನ ಐತೆ. ನಾವು ಕರೆದ್ರೇ ತಿರುಗಿ ನೋಡಂಗಿಲ್ಲ ಈಗ. ಕೈ ಬೀಸಿ ಬೀಸಿ ನನ್ನ ರಟ್ಟೆ ಬಿದ್ದೋತು. ಏನು ಸಿಟ್ಟೋ, ಯಾರ ಮ್ಯಾಲೋ."

ಒಳಮನೆಯಲ್ಲಿ ಸಿಗ್ನಲ್ ಇಲ್ಲ. ಪಡಸಾಲೆಯ ಕಿಟಕಿಯ ಸರಳಿಗೆ ನನ್ನ ಫೋನನ್ನು ಕಟ್ಟಿ, ಅದರಿಂದ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಟ್ಟೆ. ಮೊದಲು ಲ್ಯಾಪ್‌ಟಾಪಿನ ಸ್ಟೂಲನ್ನು ಬಾಗಿಲಿಗೆ ಎದುರಾಗಿ ಇಟ್ಟಿದ್ದೆ. ಬಾಗಿಲಿನ ಬೆಳಕೆಲ್ಲ ಬೆನ್ನಿಗೆ ಬಿದ್ದು, ಕೂತವರು ಕರಿ ಬೊಂಬೆಯ ಹಾಗೆ ಕಾಣುತ್ತಾರೆ ಎಂದು ಗೊತ್ತಾಗಿ ತಿರುಗಿಸಿಟ್ಟೆ. ಬೆಳಕು ಮುಖದ ಮೇಲೆ, ಬೆನ್ನಿಗೆ ಸುಣ್ಣದ ಗೋಡೆ. ಹೊಳಲ್ಕೆರೆಯಿಂದ ತಂಗಿ ಪರದೆಯ ಮೇಲೆ ಬಂದಳು. ಹತ್ತೂ ಬೆರಳು ಸ್ಪಷ್ಟ. ನಾನು ಒಳಗೊಳಗೇ ಬೀಗಿದೆ.

ಅಜ್ಜಿ ಅಕ್ಕನನ್ನು ಕೈ ಹಿಡಿದು ಕರೆತಂದು ಕೂರಿಸಿತು. ಎತ್ತರದ ಆಳು, ಸಣಕಲು ಮೈ. ತಂಗಿ ಎರಡೂ ಕೈ ಎತ್ತಿ ಏನೋ ಹೇಳಿದಳು. ಅಕ್ಕ ಸುಮ್ಮನೆ ಕೂತಿದ್ದಳು. ಆಮೇಲೆ ಕತ್ತನ್ನು ಎಡಕ್ಕೆ ತಿರುಗಿಸಿ, ಪರದೆಯನ್ನು ಓರೆಯಾಗಿ ನೋಡುತ್ತಾ ಮುಂದೆ ಬಾಗಿದಳು. ಬಾಗಿ ಬಾಗಿ ಮೂಗು ಪರದೆಗೆ ತಾಕುವಷ್ಟು ಹತ್ತಿರ ಹೋದಳು. ಅಷ್ಟು ಹತ್ತಿರ ಹೋದರೆ ಕ್ಯಾಮೆರಾಗೆ ಕಾಣುವುದು ಹಣೆ ಮಾತ್ರ, ಕೈ ಎಲ್ಲಿ ಕಾಣಬೇಕು? ಭುಜ ಹಿಡಿದು ಹಿಂದಕ್ಕೆ ಕೂರಿಸಿದೆ. ಮತ್ತೆ ಬಾಗಿದಳು. ಮತ್ತೆ ಕೂರಿಸಿದೆ. ಆಕೆ ನನ್ನ ಕೈ ಕೊಡವಿ, ಲ್ಯಾಪ್‌ಟಾಪನ್ನು ಮೆತ್ತಗೆ ಮುಚ್ಚಿ, ಎದ್ದು ಕುರಿ ಹಟ್ಟಿಯ ಕಡೆ ಹೋಗಿಬಿಟ್ಟಳು.

"ನಾನು ಹೇಳ್ಲಿಲ್ವಾ?" ಅಂತು ಅಜ್ಜಿ.

ನಾನು ಪರದೆಯನ್ನು ಹಿಂದೆ ಮುಂದೆ ಬಾಗಿಸಿ ನೋಡಿದೆ. ಅಗ್ಗದ ಪರದೆಯ ಹಣೆಬರಹವೇ ಅಷ್ಟು. ನೇರಕ್ಕೆ ಕೂತರೆ ಪರವಾಗಿಲ್ಲ, ಮೇಲಿನಿಂದ ಓರೆಯಾಗಿ ನೋಡಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ, ಕೆಳಗಿನಿಂದ ನೋಡಿದರೆ ಮುಖವೆಲ್ಲ ಕಪ್ಪು. ಎತ್ತರದ ಹೆಂಗಸು, ಗಿಡ್ಡ ಸ್ಟೂಲು. ಕ್ಯಾಮೆರಾವನ್ನು ಗೆದ್ದು ಪರದೆಯಲ್ಲಿ ಸೋತೆ ಅಂದುಕೊಂಡೆ. ಬಸ್ಸಿನಲ್ಲಿ ಕೂತು ತಂಗಿಗೆ ಮೆಸೇಜು ಬರೆದೆ: ಇದು ನಿಮ್ಮ ಕೆಲಸಕ್ಕೆ ಆಗುವುದಿಲ್ಲ, ಎರಡನ್ನೂ ವಾಪಸು ತಗೊಳ್ತೀನಿ, ಬೇಜಾರು ಮಾಡ್ಕೋಬೇಡಿ.

ಆಕೆಯ ಉತ್ತರ ಬಂದದ್ದು ನಾನು ಚಿತ್ರದುರ್ಗ ತಲುಪಿದ ಮೇಲೆ. "ನಿಮ್ಮತ್ರ ಒಳ್ಳೆ ಪರದೇದು ಐತಾ? ಒಂದು ಸಲ ಅದ್ರಲ್ಲಿ ತೋರಿಸ್ರಿ. ಕೊಂಡ್ಕಳಕಲ್ಲ. ನಾನು ನೋಡ್ಬೇಕು."

ಹೊಸದುರ್ಗದಲ್ಲಿ ಒಪ್ಪಿಕೊಂಡಿದ್ದ ಕೆಲಸವೊಂದನ್ನು ಮುಂದಕ್ಕೆ ಹಾಕಿ ಮತ್ತೆ ಹರಿಯಬ್ಬೆಗೆ ಹೋದೆ. ಈ ಸಲ ಒಯ್ದದ್ದು ನನ್ನ ಸ್ವಂತ ಕೆಲಸದ ಲ್ಯಾಪ್‌ಟಾಪು. ದೊಡ್ಡ ಪರದೆ, ಯಾವ ಮೂಲೆಯಿಂದ ನೋಡಿದರೂ ಬಣ್ಣ ಕೆಡದು. ಸ್ಟೂಲಿನ ಕೆಳಗೆ ಇಟ್ಟಿಗೆ ಕೊಟ್ಟು ಅಕ್ಕನ ಕಣ್ಣಿನ ಮಟ್ಟಕ್ಕೆ ಎತ್ತರಿಸಿದೆ. ತಂಗಿ ಬಂದಳು. ಜೀವಂತ ಮನುಷ್ಯಳೇ ಎದುರು ಕೂತ ಹಾಗೆ ಕಂಡಳು.

ಅಕ್ಕ ಕತ್ತನ್ನು ಎಡಕ್ಕೆ ತಿರುಗಿಸಿದಳು. ಓರೆಯಾಗಿ ನೋಡುತ್ತಾ ಮುಂದೆ ಬಾಗಿದಳು. ಮೂಗು ಪರದೆಗೆ ತಾಕಿತು.

ನಾನು ಗಾಬರಿಯಾಗಿ ಬೆಳಕು ಹೆಚ್ಚಿಸಲು ಕೈ ಚಾಚಿದೆ. ಪರದೆಯ ಮೇಲೆ ತಂಗಿ ಎರಡೂ ಅಂಗೈ ಎತ್ತಿ ನಿಲ್ಲಿಸಿದಳು, ಅಕ್ಕನನ್ನಲ್ಲ, ನನ್ನನ್ನು. ಕಿಟಕಿಗೆ ಕಟ್ಟಿದ್ದ ನನ್ನ ಫೋನಿನಲ್ಲಿ ಅಕ್ಷರ ಮೂಡಿತು: "ಅಕ್ಕನ ಹಿಂದೆ ನಿಂತ್ಕಳ್ರಿ. ಮುಟ್ಟಬ್ಯಾಡ್ರಿ."

ನಾನು ಹಿಂದೆ ಸರಿದು ನಿಂತೆ. ಅಜ್ಜಿಯೂ ನನ್ನ ಪಕ್ಕ ಬಂದು ನಿಂತಿತು.

ತಂಗಿ ತನ್ನ ಮುಖವನ್ನು ಕ್ಯಾಮೆರಾಗೆ ಹತ್ತಿರ ತಂದು, ಸೆರಗಿನಿಂದ ತನ್ನ ಒಂದು ಕಣ್ಣು ಮುಚ್ಚಿಕೊಂಡಳು. ಅಕ್ಕನೂ ಹಾಗೇ ಮಾಡಲಿ ಎಂದು ಕಾದಳು. ಅಕ್ಕ ಸ್ವಲ್ಪ ಹೊತ್ತು ನೋಡಿ, ಸೆರಗೆತ್ತಿ ಎಡಗಣ್ಣು ಮುಚ್ಚಿದಳು. ತಂಗಿ ಒಂದು ಬೆರಳೆತ್ತಿದಳು. ಅಕ್ಕ ಒಂದು ಬೆರಳೆತ್ತಿದಳು. ತಂಗಿ ಮುಷ್ಟಿ ಹಿಡಿದಳು. ಅಕ್ಕ ತಡವಾಗಿ, ಅನುಮಾನಿಸುತ್ತಾ ಮುಷ್ಟಿ ಹಿಡಿದಳು. ತಂಗಿ ಸೆರಗನ್ನು ಇನ್ನೊಂದು ಕಣ್ಣಿಗೆ ಬದಲಿಸಿದಳು. ಅಕ್ಕನೂ ಬದಲಿಸಿ ಬಲಗಣ್ಣು ಮುಚ್ಚಿದಳು.

ತಂಗಿ ಬೆರಳೆತ್ತಿದಳು. ಅಕ್ಕ ಅಲ್ಲಾಡಲಿಲ್ಲ. ತಂಗಿ ಇಡೀ ಕೈ ಎತ್ತಿ ಬೀಸಿದಳು. ಎರಡೂ ಕೈ ಬೀಸಿದಳು, ಪರದೆಯ ಈ ತುದಿಯಿಂದ ಆ ತುದಿಗೆ, ದೂರದಲ್ಲಿ ಹೋಗುವವರನ್ನು ಕೂಗಿ ಕರೆಯುವ ಹಾಗೆ. ಅಕ್ಕ ತೆರೆದ ಎಡಗಣ್ಣನ್ನು ಅದರ ಮುಂದೆಯೇ ಹಿಡಿದುಕೊಂಡು, ತಂಗಿ ಯಾವಾಗ ಶುರುಮಾಡುತ್ತಾಳೋ ಎಂದು ಕಾಯುತ್ತಾ ಕೂತಿದ್ದಳು.

ಬೀಸುತ್ತಿದ್ದ ಕೈ ನಿಂತಿತು. ತಂಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಏನೋ ಆಯಿತು ಎಂದು ಅಕ್ಕನಿಗೂ ಗೊತ್ತಾಗಿರಬೇಕು. ಸೆರಗು ಬಿಟ್ಟು, ಎರಡೂ ಕೈಯನ್ನು ಮುಖದ ಮುಂದೆ ತಂದು, ಬೆರಳುಗಳನ್ನು ಅಲೆಅಲೆಯಾಗಿ ಮೇಲಕ್ಕೆ ಏರಿಸಿದಳು. ಮತ್ತೆ ಏರಿಸಿದಳು.

"ಅದೇ ನೋಡ್ರಿ!" ಅಂತು ಅಜ್ಜಿ. "ಹೊಗೆ. ಯಾವಾಗ ಕೇಳಿದ್ರೂ ಹೊಗೆ, ಹೊಗೆ. ಒಲೆ ಹೊಗೆ ಆಗವಲ್ದು ಇವಳಿಗೆ ಅಂತ ನನ್ನ ಮಗ ಗ್ಯಾಸಿನ ಒಲೆ ತಂದಿಕ್ಕಿದ. ಆದ್ರೂ ನಿಲ್ಲಲಿಲ್ಲ ಇವಳ ಹೊಗೆ."

ನನ್ನ ಫೋನು ಮಿನುಗಿತು. ಹತ್ತಿರ ಹೋಗಿ ಓದಿದೆ. ಎರಡನೇ ಸಲ ಅಜ್ಜಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ: "ಲ್ಯಾಪ್‌ಟಾಪ್ ಸರಿ ಐತೆ. ಚಿಕ್ಕದೂ ಸರಿ ಇತ್ತು. ಅಕ್ಕಂಗೆ ಎಡಗಣ್ಣು ಕಾಣಲ್ಲ. ಬಲಗಣ್ಣೂ ಮಂಜು. ಹೊಗೆ ಒಲೇದಲ್ಲ, ಕಣ್ಣಿಂದು."

ಅಜ್ಜಿ ಹೋಗಿ ಸೊಸೆಯ ಎಡಕ್ಕೆ ನಿಂತು ಕೈ ಬೀಸಿತು. ಸೊಸೆ ತಿರುಗಲಿಲ್ಲ. ಬಲಕ್ಕೆ ಹೋಗಿ ಬೀಸಿತು. ಸೊಸೆ ತಿರುಗಿ ನೋಡಿದಳು. "ಅಯ್ಯೋ ನನ್ನ ತಾಯಿ," ಎಂದು ಅಜ್ಜಿ ನೆಲಕ್ಕೆ ಕುಸಿದು ಕೂತಿತು. "ಸಿಟ್ಟು ಅಂತಿದ್ನಲ್ಲೇ ನಾನು."

ಅಕ್ಕನಿಗೆ ಕಣ್ಣೇ ಕಿವಿ. ಅದೂ ಮುಚ್ಚಿಕೊಳ್ಳುತ್ತಿದೆ ಎಂದು ಆಕೆ ದಿನಾ ಹೇಳುತ್ತಲೇ ಇದ್ದಳು. ಮನೆಯವರು ಕೆಟ್ಟವರಲ್ಲ, ಕೇಳಿಸಿಕೊಂಡು ಒಲೆಯನ್ನೇ ಬದಲಿಸಿದ್ದರು. ನಾನಂತೂ ಪರದೆ ಬದಲಿಸಿದ್ದೆ. ತಾಲೂಕುಗಳಾಚೆ ಕೂತವಳು, ಸೆರಗಿನ ತುದಿಯೊಂದರಿಂದ ಅದನ್ನು ಪತ್ತೆಮಾಡಿದಳು.

ಮುಂದಿನ ಮಾತು ಡಾಕ್ಟರರದು. ಸುದ್ದಿ ತಿಳಿದು ಅಕ್ಕನ ಗಂಡ ಕುರಿಗಳನ್ನು ಜೊತೆಯವರ ಸುಪರ್ದಿಗೆ ಬಿಟ್ಟು ಬಂದರು. ಚಿತ್ರದುರ್ಗದಲ್ಲಿ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದ ಡಾಕ್ಟರ್, ಎಡಗಣ್ಣಲ್ಲಿ ಪೊರೆ ಪೂರ್ತಿ ಬಲಿತಿದೆ, ಬಲಗಣ್ಣಲ್ಲೂ ಬೆಳೆಯುತ್ತಿದೆ, ಆಪರೇಷನ್ ಮಾಡಿದರೆ ಕಾಣುತ್ತದೆ ಎಂದರು. ಅವರಿಗಿದ್ದ ಚಿಂತೆ ಬೇರೆ. ಅರಿವಳಿಕೆ ಕೊಡುವುದು ಕಣ್ಣಿಗೆ ಮಾತ್ರ, ರೋಗಿ ಎಚ್ಚರವಾಗೇ ಇರುತ್ತಾರೆ. ಮುಖದ ಮೇಲೆ ಬಟ್ಟೆ ಹೊದಿಸಿರುತ್ತಾರೆ. ಕೇಳಿಸದ, ಆ ಹೊತ್ತಿಗೆ ಕಾಣಿಸದ ಈಕೆಗೆ ಅಲ್ಲಾಡಬೇಡಿ ಎಂದು ಹೇಳುವುದು ಹೇಗೆ? ಹೆದರಿ ಒಂದು ಸಲ ತಲೆ ಎತ್ತಿದರೂ ಕಷ್ಟ.

ನಾನು ತೀರ್ಮಾನ ಬದಲಿಸಿದ್ದು ಆವಾಗ. ವಾಪಸು ತಂದು ಗಾಜಿನೊಳಗೆ ಇಟ್ಟಿದ್ದ ಚಿಕ್ಕ ಲ್ಯಾಪ್‌ಟಾಪನ್ನು ತೆಗೆದೆ. ಅದು ಸಾಕೋ ಸಾಲದೋ ಎಂದು ತೂಗುವುದನ್ನು ಬಿಟ್ಟು, ಆ ಅಕ್ಕನ ಒಂದು ಮಂಜುಗಣ್ಣಿಗೆ ಅದನ್ನು ಸಾಕು ಮಾಡುವುದು ಹೇಗೆ ಎಂದು ಯೋಚಿಸಿದೆ. ಹರಿಯಬ್ಬೆಯ ಪಡಸಾಲೆಯಲ್ಲಿ ಅದನ್ನು ಆಕೆಯ ಎದುರಿಗೆ ಇಡದೆ ಬಲಕ್ಕೆ ಸರಿಸಿ ಇಟ್ಟೆ. ದಿನವೂ ಇಂಟರ್ನೆಟ್ ಸಿಗಲಿ ಎಂದು ಕಿಟಕಿಯ ಸರಳಿಗೆ ಈ ಸಲ ಆ ಮನೆಯ ಫೋನನ್ನೇ ಕಟ್ಟಿದೆ. ಪರದೆಯ ಕಪ್ಪು ಬಿಳುಪಿನ ಅಂತರ ಹೆಚ್ಚಿಸಿದೆ. ಅಕ್ಕ ಹತ್ತಿರ ಬಾಗಿದರೂ ಕೈ ಕಾಣಲಿ ಎಂದು ಪಕ್ಕದಲ್ಲಿ ಬೇರೆ ಕ್ಯಾಮೆರಾ ಒಂದನ್ನು ತಂತಿ ಹಾಕಿ ದೂರಕ್ಕೆ ನಿಲ್ಲಿಸಿದೆ. ನನ್ನ ಹಳೇ ಸಾಮಾನಿನ ಪೆಟ್ಟಿಗೆಯಲ್ಲಿ ಬಿದ್ದಿದ್ದದ್ದು ಅದು. ತಂಗಿಗೆ ಕರಿ ಬಣ್ಣದ, ಹೂವಿಲ್ಲದ ರವಿಕೆ ತೊಟ್ಟು ಬಿಳಿ ಗೋಡೆಯ ಮುಂದೆ, ಕ್ಯಾಮೆರಾಗೆ ಹತ್ತಿರ ಕೂರಲು ಬರೆದೆ. ಆಕೆಯ ಕೈಗಳು ಪರದೆಯ ತುಂಬ ಬಂದವು. ಅಕ್ಕ ಓರೆಗಣ್ಣಲ್ಲಿ ನೋಡಿದಳು. ಈ ಸಲ ಎದ್ದು ಹೋಗಲಿಲ್ಲ. ಉತ್ತರ ಕೊಟ್ಟಳು.

ಆಪರೇಷನ್ ಮುಗಿಯುವ ತನಕ ಅಕ್ಕತಂಗಿಯರು ದಿನವೂ ಅದರ ಮುಂದೆ ಕೂತರು. ನಾನು ಕ್ಯಾಮೆರಾ ಗಟ್ಟಿ ಮಾಡಲು ಹೋಗಿದ್ದ ದಿನ ಕಂಡದ್ದನ್ನು ಮಾತ್ರ ಹೇಳುತ್ತೇನೆ. ಅಕ್ಕ ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ಮುಖದ ಮೇಲೆ ಪಂಚೆ. ಪಕ್ಕದಲ್ಲಿ ಅಜ್ಜಿ ಆಕೆಯ ಅಂಗೈ ಹಿಡಿದು ಕೂತಿತ್ತು. ಪರದೆಯ ಮೇಲಿಂದ ತಂಗಿ ತೋರಿಸಿದ ಹಾಗೆ ಅಜ್ಜಿ ಒತ್ತುತ್ತಿತ್ತು. ಗಟ್ಟಿಯಾಗಿ ಒತ್ತಿ ಹಿಡಿದರೆ ಅಲ್ಲಾಡಬೇಡ. ಸವರಿದರೆ ಹೆದರಬೇಡ, ನಾನಿದೀನಿ. ಬೆರಳಿಂದ ತಟ್ಟಿದರೆ ಮುಗೀತು. ತಂಗಿ ಹೊಳಲ್ಕೆರೆಯಲ್ಲಿ ತನ್ನದೇ ಅಂಗೈಯನ್ನು ಒತ್ತಿ ತೋರಿಸುವುದು, ಹರಿಯಬ್ಬೆಯಲ್ಲಿ ಅಜ್ಜಿ ಅದನ್ನು ನೋಡಿ ಸೊಸೆಯ ಅಂಗೈ ಒತ್ತುವುದು, ಪಂಚೆಯ ಕೆಳಗೆ ಸೊಸೆ ಕಲ್ಲಿನ ಹಾಗೆ ನಿಶ್ಚಲವಾಗುವುದು. ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ.

ಆಪರೇಷನ್ ದಿನ ಡಾಕ್ಟರು ತಂಗಿಯನ್ನೇ ಒಳಗೆ ಬಿಟ್ಟರು. ಮಾಸ್ಕು, ಟೋಪಿ ಹಾಕಿಸಿ, ಅಕ್ಕನ ಕೈ ಹಿಡಿದು ಕೂರಲು ಒಂದು ಸ್ಟೂಲು ಕೊಟ್ಟರಂತೆ. ಹೊರಗೆ ಬಂದ ನರ್ಸು ಹೇಳಿದ್ದು ಇಷ್ಟು: "ಮಾತು ಬರೋರೇ ಇಷ್ಟು ಸಮಾಧಾನವಾಗಿ ಮಲಗಲ್ಲ ಕಣ್ರೀ."

ಕಣ್ಣಿನ ಪಟ್ಟಿ ಬಿಚ್ಚಿ, ಹನಿ ಹಾಕುವುದೂ ಮುಗಿದು, ಅಕ್ಕ ಹರಿಯಬ್ಬೆಗೆ ಮರಳಿದ ಮೇಲೆ ನಾನು ಕೊನೆಯ ಸಲ ಹೋದೆ. ಲ್ಯಾಪ್‌ಟಾಪನ್ನು ಬಲಪಕ್ಕದಿಂದ ಎತ್ತಿ ಮತ್ತೆ ನೇರಕ್ಕೆ ಇಡಬೇಕಾಗಿತ್ತು. ಬೇರೆ ಕ್ಯಾಮೆರಾವನ್ನು ಬಿಚ್ಚಿಕೊಂಡೆ. ಪರದೆಯ ಬಣ್ಣಗಳನ್ನು ಮೊದಲಿನಂತೆ ಮಾಡಿದೆ. ಕರೆ ಹೋಯಿತು.

ಅಕ್ಕ ಮುಂದೆ ಬಾಗಲಿಲ್ಲ. ಮಣೆಯನ್ನು ಹಿಂದಕ್ಕೆ ಎಳೆದುಕೊಂಡು ಗೋಡೆಗೆ ಬೆನ್ನು ಕೊಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತಳು. ಆ ಹನ್ನೊಂದು ಇಂಚಿನೊಳಗೆ ತಂಗಿ ಬಂದಳು. ಅಕ್ಕ ನೋಡಿದಳು. ಅದು ಬರೀ ನೋಟವಲ್ಲ, ಮುಖವನ್ನು ತಲೆಯಿಂದ ಗಲ್ಲದವರೆಗೆ ಕಣ್ಣಿಂದಲೇ ಸವರಿದ ಹಾಗೆ. ಆಮೇಲೆ ತನ್ನ ಬೈತಲೆಯ ಮೇಲೆ ಎರಡು ಬೆರಳು ಎಳೆದು, ತುಟಿ ಸೊಟ್ಟ ಮಾಡಿ, ಏನೋ ಹೇಳಿದಳು. ತಂಗಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ನನಗೆ ಟೈಪ್ ಮಾಡಿದಳು: "ನಿನ್ನ ತಲೆ ಯಾವಾಗ ನರೀತು ಮುದುಕಿ, ನಂಗೆ ಹೇಳಲೇ ಇಲ್ಲ ಅಂತಾಳೆ."

ಆಮೇಲೆ ಅವರು ಮಾತಿಗೆ ಬಿದ್ದರು. ಅಂಥ ವೇಗ ನಾನು ಕಂಡಿಲ್ಲ. ಇಬ್ಬರ ನಾಲ್ಕು ಕೈ ಒಂದರ ಮಾತಿಗೆ ಇನ್ನೊಂದು ಅಡ್ಡ ಬರುತ್ತಿದ್ದವು, ಕಾದು ಕೂತು ಮಾತಾಡುವ ತಾಳ್ಮೆ ಯಾರಿಗಿತ್ತು? ಕುರಿ ಬಂದವು, ಮಳೆ ಬಂತು, ಯಾರದೋ ದಪ್ಪ ಹೊಟ್ಟೆ ಬಂತು, ಜಗಳವೊಂದು ಬಂದು ಹೋಯಿತು. ನಿಧಾನದ್ದು ಎಂದು ನಾನು ಹೀಯಾಳಿಸಿದ್ದ ಆ ಪ್ರೊಸೆಸರು ಅಷ್ಟನ್ನೂ ಹೊತ್ತು ದಾಟಿಸುತ್ತಿತ್ತು. ಕೆಳಗೆ ಕೈಯಿಟ್ಟು ನೋಡಿದೆ, ಬೆಚ್ಚಗಿತ್ತು.

ಅಜ್ಜಿ ನನಗೆ ಮಜ್ಜಿಗೆ ಕೊಟ್ಟು, ಕಂಬಕ್ಕೆ ಒರಗಿ ಇಬ್ಬರನ್ನೂ ನೋಡುತ್ತಾ ನಿಂತಿತ್ತು. ಮಾತು ಒಂದು ಹದಕ್ಕೆ ಬಂದಾಗ, ಕೈ ಸೆರಗಿಗೆ ಒರೆಸಿಕೊಂಡು ಸೊಸೆಯ ಪಕ್ಕ ಬಂದು ಕೂತಿತು. ನನ್ನ ಕಡೆ ತಿರುಗಿತು.

"ಮೇಡಮ್ಮ, ಆ ಹುಡುಗೀಗೆ ಒಂದು ಬರೆದು ಕೇಳ್ರಿ. ಉಂಡ್ಯಾ, ಬಾ, ಹೋಗು ಎಲ್ಲ ನಂಗೆ ಬರ್ತೈತೆ ಕೈಯಾಗೆ. 'ನಂಗೆ ತಿಳೀಲಿಲ್ಲ ಕಣವ್ವ' ಅನ್ನದು ಹೆಂಗೆ? ಅದು ಗೊತ್ತಿಲ್ಲ."

ನಾನು ಟೈಪ್ ಮಾಡಿದೆ. ಪರದೆಯ ಮೇಲೆ ತಂಗಿ ಓದಿದಳು. ನಗು ನಿಂತಿತು. ನಿಧಾನವಾಗಿ, ಒಂದೊಂದು ಬೆರಳೂ ಕಾಣುವಂತೆ, ಹಣೆಯಿಂದ ಎದೆಗೆ ಕೈ ತಂದು ತೋರಿಸಿದಳು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, ತನ್ನ ಒರಟು ಕೈಯನ್ನು ಹಣೆಗೆ ಒಯ್ದು, ಎದೆಗೆ ಇಳಿಸಿ, ಸೊಸೆಯ ಮುಂದೆ ಹಿಡಿಯಿತು.

ಸೊಸೆ ಆ ಕೈಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ತನ್ನ ಎರಡು ಕೈಯಲ್ಲಿ ಹಿಡಿದು, ಸೊಟ್ಟಗಿದ್ದ ಹೆಬ್ಬೆರಳನ್ನು ನೆಟ್ಟಗೆ ಮಾಡಿ, ಇನ್ನೊಂದು ಸಲ ಹೇಳು ಎಂದು ಗಲ್ಲ ಎತ್ತಿದಳು.